ಒಂದೇ ಸೋಲಿಗೆ ಎರಡು ಅಳತೆ: ನಾರ್ದರ್ನ್ ಇಲಿನಾಯ್ ಮತ್ತು 2013ರ ಆರೆಂಜ್ ಬೌಲ್

2012ರ ಡಿಸೆಂಬರ್ 2, ಭಾನುವಾರ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಯಾವ ತಂಡಕ್ಕೆ ಯಾವ ದೊಡ್ಡ ಪಂದ್ಯ ಅಂತ ಗೊತ್ತಾಗುವ ದಿನ. ಋತುವಿನ ಕೊನೆಯ ಈ ಪಂದ್ಯಗಳಿಗೆ ‘ಬೌಲ್’ ಅನ್ನುತ್ತಾರೆ. ಇಎಸ್‌ಪಿಎನ್ ಚಾನೆಲ್ ಅದನ್ನು ನೇರ ಪ್ರಸಾರದಲ್ಲಿ ಒಂದೊಂದಾಗಿ ಹೇಳುತ್ತಾ ಹೋಗುತ್ತದೆ. ಆರೆಂಜ್ ಬೌಲ್‌ನ ಸರದಿ ಬಂತು. ಒಂದು ಕಡೆ ಫ್ಲಾರಿಡಾ ಸ್ಟೇಟ್. ಅದರ ಎದುರಾಳಿ ನಾರ್ದರ್ನ್ ಇಲಿನಾಯ್.

ಆಮೇಲೆ ನಡೆದದ್ದು ವಿಶ್ಲೇಷಣೆಗಿಂತ ಜಾಸ್ತಿ ಸಿಟ್ಟು. ಓಹಾಯೊ ಸ್ಟೇಟ್‌ನ ಹಳೆಯ ಆಟಗಾರ, ಚಾನೆಲ್‌ನ ಅತಿ ಪರಿಚಿತ ಮುಖ ಕರ್ಕ್ ಹರ್ಬ್‌ಸ್ಟ್ರೀಟ್, ಈ ಆಯ್ಕೆಯೇ ಒಂದು ತಮಾಷೆ ಅನ್ನುವ ಧಾಟಿಯಲ್ಲಿ ಮಾತಾಡಿದರು. ಓಕ್ಲಹೋಮಾದಂಥ ತಂಡವನ್ನು ಹೊರಗಿಟ್ಟು ಇವರನ್ನು ಕರೆಯೋದಾ ಅನ್ನೋದೇ ಅಂದಿನ ಮಾತು. ಅದೇ ಹೊತ್ತಿನಲ್ಲಿ ಇಲಿನಾಯ್ ರಾಜ್ಯದ ಡಿಕಾಲ್ಬ್ ಎಂಬ ಊರಿನಲ್ಲಿ ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗರು ತಮ್ಮ ಕಾಲೇಜಿನ ಇತಿಹಾಸದ ಅತಿ ದೊಡ್ಡ ಸುದ್ದಿ ಕೇಳಿ ಕುಣಿಯುತ್ತಿದ್ದರು. ಅದೇ ಟಿವಿಯಲ್ಲಿ ತಾವು ಅದಕ್ಕೆ ಲಾಯಕ್ಕಿಲ್ಲ ಅನ್ನೋದನ್ನೂ ಕೇಳಿಸಿಕೊಂಡರು.

ಈ ಒಂದು ಪ್ರಕರಣವನ್ನು ಪೂರ್ತಿ ಬಿಡಿಸಿ ನೋಡುವುದು ಲಾಭ. ಮಾಧ್ಯಮದ ಪಕ್ಷಪಾತ ಅಂದಕೂಡಲೇ ಯಾರೋ ಕೂತು ಸಂಚು ಮಾಡಿದರು ಅಂದುಕೊಳ್ಳುತ್ತೇವೆ. ಇಲ್ಲಿ ಸಂಚು ಇರಲಿಲ್ಲ. ಆದರೂ ಅಳತೆಗೋಲು ಮಾತ್ರ ಎರಡಿತ್ತು.

ಊರು, ತಂಡ, ಹುಡುಗ

ಡಿಕಾಲ್ಬ್ ಶಿಕಾಗೋದಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರ್ ಆಸುಪಾಸು. ಸುತ್ತ ಮೆಕ್ಕೆಜೋಳದ ಹೊಲ. ಹಾವೇರಿ, ದಾವಣಗೆರೆ ಕಡೆಯ ರೈತರಿಗೆ ಈ ಹೆಸರು ಬೀಜದ ಚೀಲದ ಮೇಲೆ ನೋಡಿ ಗೊತ್ತು. ರೆಕ್ಕೆ ಇರುವ ತೆನೆಯ ಚಿತ್ರ ಇರುತ್ತದಲ್ಲ, ಆ ಡಿಕಾಲ್ಬ್ ಬೀಜದ ಕಂಪನಿ ಹುಟ್ಟಿದ್ದು ಇದೇ ಊರಿನಲ್ಲಿ. ಮುಳ್ಳುತಂತಿಯ ಪ್ರಸಿದ್ಧ ಪೇಟೆಂಟ್ ಕೂಡ 1874ರಲ್ಲಿ ಇಲ್ಲಿನವರದೇ. ಅಂದರೆ ಊರಿಗೆ ಹೆಸರಿದೆ, ಫುಟ್‌ಬಾಲ್‌ನಿಂದ ಬಂದದ್ದಲ್ಲ ಅಷ್ಟೇ.

ಕಾಲೇಜಿನ ಸ್ಟೇಡಿಯಂನಲ್ಲಿ ಸುಮಾರು 24 ಸಾವಿರ ಜನ ಹಿಡಿಸುತ್ತಾರೆ. ಫ್ಲಾರಿಡಾ ಸ್ಟೇಟ್‌ನದರಲ್ಲಿ ಆಗ 80 ಸಾವಿರಕ್ಕೂ ಜಾಸ್ತಿ. ಈ ಆಟದಲ್ಲಿ ಕಾಲೇಜುಗಳು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಆಡುತ್ತವೆ. ಆಗ ಆರು ಗುಂಪುಗಳು ದೊಡ್ಡವು. ಅವುಗಳ ಚಾಂಪಿಯನ್‌ಗೆ ದೊಡ್ಡ ಬೌಲ್ ಪಂದ್ಯದಲ್ಲಿ ಜಾಗ ಗ್ಯಾರಂಟಿ. ನಾರ್ದರ್ನ್ ಇಲಿನಾಯ್ ಇದ್ದದ್ದು ಮಿಡ್-ಅಮೆರಿಕನ್ ಕಾನ್ಫರೆನ್ಸ್‌ನಲ್ಲಿ. ಎಲ್ಲರೂ ಅದನ್ನು ‘ಮ್ಯಾಕ್’ ಅನ್ನುತ್ತಾರೆ. ದೊಡ್ಡವರ ಲೆಕ್ಕದಲ್ಲಿ ಅದು ಹೊರಗಿನ ಜಗಲಿ.

ಆ ವರ್ಷದ ತಂಡದ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲಿಂಚ್. ಶಿಕಾಗೋದ ದಕ್ಷಿಣ ಭಾಗದ ಮೌಂಟ್ ಕಾರ್ಮೆಲ್ ಹೈಸ್ಕೂಲಿನ ಹುಡುಗ. ಕ್ವಾರ್ಟರ್‌ಬ್ಯಾಕ್ ಅಂದರೆ ಪ್ರತಿ ಸಲ ಚೆಂಡು ಮೊದಲು ಕೈಗೆ ತೆಗೆದುಕೊಂಡು ಎಸೆಯಬೇಕೋ, ಕೊಡಬೇಕೋ, ತಾನೇ ಓಡಬೇಕೋ ಅಂತ ತೀರ್ಮಾನ ಮಾಡುವವನು. ಲಿಂಚ್ ಎಸೆಯುವುದರಲ್ಲೂ ಸೈ, ಓಡುವುದರಲ್ಲಂತೂ ಇನ್ನೂ ಸೈ. ಬೌಲ್ ಪಂದ್ಯಕ್ಕೆ ಮೊದಲೇ ಆ ಋತುವಿನಲ್ಲಿ ಅವನು ಎಸೆತದಲ್ಲಿ 2,962 ಯಾರ್ಡ್, ಓಟದಲ್ಲಿ 1,771 ಯಾರ್ಡ್ ಗಳಿಸಿದ್ದ. ಒಬ್ಬ ಕ್ವಾರ್ಟರ್‌ಬ್ಯಾಕ್ ಒಂದೇ ಋತುವಿನಲ್ಲಿ ಅಷ್ಟು ಓಡಿದ್ದು ಉನ್ನತ ದರ್ಜೆಯ ಕಾಲೇಜು ಫುಟ್‌ಬಾಲ್‌ನಲ್ಲಿ ದಾಖಲೆ. ಹಿಂದಿನ ದಾಖಲೆ ಮಿಷಿಗನ್‌ನ ಡೆನಾರ್ಡ್ ರಾಬಿನ್ಸನ್‌ದು, 2010ರದ್ದು. ರಾಬಿನ್ಸನ್ ಹೆಸರು ಅಮೆರಿಕದ ಮನೆಮನೆಗೆ ಗೊತ್ತಿತ್ತು. ಲಿಂಚ್ ಯಾರು ಅಂತ ಡಿಸೆಂಬರ್ 2ರವರೆಗೆ ಬಹಳ ಮಂದಿ ಕೇಳಿಯೂ ಇರಲಿಲ್ಲ.

ಯಾಕೆ ಅನ್ನುವುದಕ್ಕೆ ಒಂದು ಸರಳ ಕಾರಣ ಇದೆ. ಅದನ್ನು ಹೇಳದೆ ಉಳಿದದ್ದು ಅರ್ಥವಾಗುವುದಿಲ್ಲ. ಕಾಲೇಜು ಫುಟ್‌ಬಾಲ್ ಅಂದರೆ ಶನಿವಾರ. ಇಡೀ ದೇಶ ಶನಿವಾರ ಟಿವಿ ಮುಂದೆ ಕೂರುತ್ತದೆ. ಮ್ಯಾಕ್ ತಂಡಗಳು ಮಾತ್ರ ನವೆಂಬರ್ ಬಂದರೆ ಮಂಗಳವಾರ, ಬುಧವಾರ ರಾತ್ರಿ ಆಡುತ್ತವೆ. ಚಾನೆಲ್‌ಗೆ ವಾರದ ಮಧ್ಯೆ ತೋರಿಸಲು ಏನಾದರೂ ಬೇಕು, ಇವರಿಗೆ ಟಿವಿಯಲ್ಲಿ ಕಾಣಿಸಬೇಕು. ಇಬ್ಬರಿಗೂ ಒಪ್ಪಿಗೆಯಾದ ವ್ಯವಹಾರ. ಆದರೆ ಶನಿವಾರ ರಾತ್ರಿಯ ಹೈಲೈಟ್ಸ್‌ನಲ್ಲಿ, ಭಾನುವಾರದ ಪತ್ರಿಕೆಯಲ್ಲಿ, ಸೋಮವಾರದ ಚರ್ಚೆಯಲ್ಲಿ ಬುಧವಾರದ ಪಂದ್ಯಕ್ಕೆ ಜಾಗವಿಲ್ಲ. ಅಷ್ಟು ಹೊತ್ತಿಗೆ ಅದು ಹಳಸಿರುತ್ತದೆ. ಮತ ಹಾಕುವ ಪತ್ರಕರ್ತ ಮರುದಿನ ಬೆಳಿಗ್ಗೆ ಅಂಕಿ ಅಂಶ ನೋಡಿ ‘ಓಹ್, ಚೆನ್ನಾಗಿ ಆಡಿದಾನೆ, ಆದರೆ ಎದುರಿಗಿದ್ದವರು ಯಾರು’ ಅಂದು ಮುಂದೆ ಹೋಗುತ್ತಾನೆ. ರಣಜಿಯ ಪ್ಲೇಟ್ ಗುಂಪಿನಲ್ಲಿ ತ್ರಿಶತಕ ಹೊಡೆದವನ ಬಗ್ಗೆ ನಾವೂ ಹಾಗೇ ಅಲ್ವಾ ಅನ್ನೋದು?

ನಿಯಮ ಏನಿತ್ತು

ಆಗಿನ ವ್ಯವಸ್ಥೆಯ ಹೆಸರು ಬಿಸಿಎಸ್, ಅಂದರೆ ಬೌಲ್ ಚಾಂಪಿಯನ್‌ಶಿಪ್ ಸೀರೀಸ್. ಐದು ದೊಡ್ಡ ಪಂದ್ಯ, ಹತ್ತು ಜಾಗ. ರ‍್ಯಾಂಕಿಂಗ್‌ಗೆ ಮೂರು ಪಾಲು. ಒಂದು ಪಾಲು ಕೋಚ್‌ಗಳ ಮತ. ಇನ್ನೊಂದು ಹ್ಯಾರಿಸ್ ಸಮೀಕ್ಷೆ. ಅದರಲ್ಲಿ ಹಳೆಯ ಆಟಗಾರರು, ಆಡಳಿತಗಾರರು, ಪತ್ರಕರ್ತರು ಇದ್ದರು. ಮೂರನೆಯದು ಆರು ಕಂಪ್ಯೂಟರ್ ಪಟ್ಟಿಗಳು. ಅವುಗಳಲ್ಲಿ ಅತಿ ಹೆಚ್ಚಿನದು, ಅತಿ ಕಡಿಮೆಯದು ಎರಡನ್ನೂ ಬಿಟ್ಟು ಸರಾಸರಿ. ಅಂದರೆ ಮೂರರಲ್ಲಿ ಎರಡು ಪಾಲು ಮನುಷ್ಯರದೇ.

ಚಿಕ್ಕ ಕಾನ್ಫರೆನ್ಸ್‌ಗಳಿಗೆ ಶುರುವಿನಲ್ಲಿ ಈ ಹತ್ತರೊಳಗೆ ಬರುವುದು ಬಹಳ ಕಷ್ಟವಿತ್ತು. ಅವರು ಗಲಾಟೆ ಮಾಡಿ, 2003ರಲ್ಲಿ ವಿಷಯ ಅಮೆರಿಕದ ಸಂಸತ್ತಿನ ವಿಚಾರಣೆಯವರೆಗೂ ಹೋಯಿತು. ಆಮೇಲೆ ಬಾಗಿಲು ಸ್ವಲ್ಪ ತೆರೆಯಿತು. 2006ರ ಋತುವಿನಿಂದ ನಿಯಮ ಹೀಗಾಯಿತು: ಚಿಕ್ಕ ಕಾನ್ಫರೆನ್ಸ್‌ನ ಚಾಂಪಿಯನ್ ಮೊದಲ 12ರಲ್ಲಿದ್ದರೆ ಜಾಗ ಖಾತ್ರಿ. ಇಲ್ಲವೇ ಮೊದಲ 16ರಲ್ಲಿದ್ದು, ದೊಡ್ಡ ಆರರ ಯಾವುದಾದರೂ ಒಬ್ಬ ಚಾಂಪಿಯನ್‌ಗಿಂತ ಮೇಲಿದ್ದರೂ ಖಾತ್ರಿ. ವರ್ಷಕ್ಕೆ ಒಂದೇ ತಂಡಕ್ಕೆ ಈ ಭಾಗ್ಯ.

2012ರ ನವೆಂಬರ್ 30ರ ಶುಕ್ರವಾರ ರಾತ್ರಿ ಡೆಟ್ರಾಯಿಟ್‌ನಲ್ಲಿ ಮ್ಯಾಕ್ ಫೈನಲ್. ನಾರ್ದರ್ನ್ ಇಲಿನಾಯ್ 21ನೇ ಸ್ಥಾನ, ಎದುರಾಳಿ ಕೆಂಟ್ ಸ್ಟೇಟ್ 17ನೇ ಸ್ಥಾನ. ಎರಡು ಓವರ್‌ಟೈಮ್ ಆದಮೇಲೆ 44-37ಕ್ಕೆ ನಾರ್ದರ್ನ್ ಇಲಿನಾಯ್ ಗೆದ್ದಿತು. ಆ ವಾರಾಂತ್ಯ ಮೇಲಿದ್ದವರೂ ಬಿದ್ದರು. ಯುಸಿಎಲ್‌ಎ ಸೋತಿತು, ಟೆಕ್ಸಸ್ ಸೋತಿತು, ನೆಬ್ರಾಸ್ಕಾ ಅಂತೂ ವಿಸ್ಕಾನ್ಸಿನ್ ಎದುರು 70-31ರಿಂದ ಹೊಡೆಸಿಕೊಂಡಿತು. ಭಾನುವಾರ ಪಟ್ಟಿ ಬಂದಾಗ ನಾರ್ದರ್ನ್ ಇಲಿನಾಯ್ 15ನೇ ಸ್ಥಾನ. ಬಿಗ್ ಈಸ್ಟ್ ಗುಂಪಿನ ಪರವಾಗಿ ಹೋದ ಲೂಯಿವಿಲ್ 21ನೇ ಸ್ಥಾನ. ಬಿಗ್ ಟೆನ್ ಚಾಂಪಿಯನ್ ವಿಸ್ಕಾನ್ಸಿನ್ 8 ಗೆಲುವು 5 ಸೋಲಿನೊಂದಿಗೆ ಪಟ್ಟಿಯಲ್ಲೇ ಇಲ್ಲ. ನಿಯಮದ ಪ್ರಕಾರ ಒಂದು ದೊಡ್ಡ ಚಾಂಪಿಯನ್‌ಗಿಂತ ಮೇಲಿದ್ದರೆ ಸಾಕಿತ್ತು. ಇವರು ಇಬ್ಬರಿಗಿಂತ ಮೇಲಿದ್ದರು.

ಹಿಂದಿನ ಬಾಗಿಲಿನಿಂದ ಬಂದವರ ಹಾಗೆ ಟಿವಿಯಲ್ಲಿ ಚಿತ್ರಿಸಿದ್ದು ಇವರನ್ನು. 8-5ರ ವಿಸ್ಕಾನ್ಸಿನ್ ಸುಮ್ನೆ ರೋಸ್ ಬೌಲ್‌ಗೆ ಹೋಯಿತು. ಬಿಗ್ ಟೆನ್‌ನಲ್ಲಿ ಆ ವರ್ಷ ಓಹಾಯೊ ಸ್ಟೇಟ್, ಪೆನ್ ಸ್ಟೇಟ್ ಎರಡರ ಮೇಲೂ ನಿಷೇಧ ಇತ್ತು. ಹಾಗಾಗಿ ವಿಸ್ಕಾನ್ಸಿನ್‌ಗೆ ಫೈನಲ್ ಅವಕಾಶ ಸಿಕ್ಕಿತ್ತು. ಅದರ ಬಗ್ಗೆ ಗೊಣಗಾಟ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ವಿಸ್ಕಾನ್ಸಿನ್ ಹುಡುಗರು ಆಟಕ್ಕೆ ಅವಮಾನ ಅನ್ನುವಷ್ಟು ಮಾತು ಬೆಳೆಯಲಿಲ್ಲ.

ಟೀಕಾಕಾರರ ಪಾಲಿನ ನ್ಯಾಯ

ಟೀಕೆಯಲ್ಲಿ ಹುರುಳೇ ಇರಲಿಲ್ಲ ಅಂದರೆ ಅದೂ ಪಕ್ಷಪಾತವೇ. ನಾರ್ದರ್ನ್ ಇಲಿನಾಯ್ ಆ ವರ್ಷ 12-1. ಆ ಒಂದು ಸೋಲು ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ಅಯೋವಾ ಎದುರು, 18-17. ಅಯೋವಾ ಆ ಋತು ಮುಗಿಸಿದ್ದು 4-8ರಲ್ಲಿ. ಇವರು ಸೋಲಿಸಿದ ಕ್ಯಾನ್ಸಸ್ ತಂಡ ಆ ವರ್ಷ ಒಂದೇ ಒಂದು ಪಂದ್ಯ ಗೆದ್ದದ್ದು. ಆರ್ಮಿ ತಂಡದ ಎದುರು ಒಂದೇ ಅಂಕದಲ್ಲಿ ಪಾರಾದರು, 41-40. ಫ್ಲಾರಿಡಾ ಸ್ಟೇಟ್ ಎದುರು ಇವರು ಗೆಲ್ಲುವುದು ಕಷ್ಟ ಅನ್ನುವುದಕ್ಕೆ ಇಷ್ಟು ಸಾಕು. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ.

ಆದರೆ ‘ಗೆಲ್ಲುವುದು ಕಷ್ಟ’ ಬೇರೆ, ‘ಅಲ್ಲಿರಲು ಲಾಯಕ್ಕಿಲ್ಲ’ ಬೇರೆ. ಮೊದಲನೆಯದು ಆಟದ ಮಾತು. ಎರಡನೆಯದು ಜಾತಿ ನೋಡಿ ಪಂಕ್ತಿಯಲ್ಲಿ ಕೂರಿಸುವ ಮಾತು. ವೇಳಾಪಟ್ಟಿ ದುರ್ಬಲ ಅನ್ನಿ, ಸರಿ. ಆ ವೇಳಾಪಟ್ಟಿ ಮಾಡುವವರು ಆಟಗಾರರಲ್ಲ. ದೊಡ್ಡ ತಂಡಗಳು ಡಿಕಾಲ್ಬ್‌ಗೆ ಬಂದು ಆಡುವುದು ಅಪರೂಪ. ಸೋತರೆ ಮಾನ ಹೋಗುತ್ತದೆ, ಗೆದ್ದರೆ ಏನೂ ಸಿಗುವುದಿಲ್ಲ. ಹೆಚ್ಚೆಂದರೆ ದುಡ್ಡು ಕೊಟ್ಟು ಇವರನ್ನೇ ತಮ್ಮ ಮೈದಾನಕ್ಕೆ ಕರೆಸುತ್ತಾರೆ. ಆಡಲು ಬಿಡದವರೇ ಆಮೇಲೆ ‘ಯಾರ ಜೊತೆ ಆಡಿದ್ದೀರಿ’ ಅಂತ ಕೇಳುತ್ತಾರೆ.

ಇನ್ನೊಂದು ವಿಷಯ ಆ ದಿನದ ಚರ್ಚೆಯಲ್ಲಿ ಲೆಕ್ಕಕ್ಕೇ ಬರಲಿಲ್ಲ ಅನ್ನಿಸುತ್ತದೆ. ಅದಕ್ಕೆ ಮೊದಲು ಚಿಕ್ಕ ಕಾನ್ಫರೆನ್ಸ್ ತಂಡಗಳು ಬಿಸಿಎಸ್ ಪಂದ್ಯಗಳಲ್ಲಿ ದೊಡ್ಡವರನ್ನು ಐದು ಸಲ ಎದುರಿಸಿದ್ದವು. ನಾಲ್ಕು ಸಲ ಗೆದ್ದಿದ್ದವು. ಯೂಟಾ ಎರಡು ಸಲ, ಅದರಲ್ಲೊಮ್ಮೆ ಅಲಬಾಮಾವನ್ನೇ 31-17ರಿಂದ. ಬಾಯ್ಸಿ ಸ್ಟೇಟ್ 2007ರ ಫಿಯೆಸ್ಟಾ ಬೌಲ್‌ನಲ್ಲಿ 43-42ರಿಂದ ಸೋಲಿಸಿದ್ದು ಯಾರನ್ನು? ಇದೇ ಓಕ್ಲಹೋಮಾವನ್ನು. ಟಿಸಿಯು ರೋಸ್ ಬೌಲ್‌ನಲ್ಲಿ ಸೋಲಿಸಿದ್ದು ಇದೇ ವಿಸ್ಕಾನ್ಸಿನ್‌ನ್ನು. ಸೋತವರು ಹವಾಯಿ ಮಾತ್ರ, 41-10ಕ್ಕೆ ಜಾರ್ಜಿಯಾ ಎದುರು. ಟೀಕಾಕಾರರಿಗೆ ನೆನಪಿದ್ದದ್ದು ಹವಾಯಿ.

ಮೈಕ್ ಯಾರ ಕೈಯಲ್ಲಿ

ಇಎಸ್‌ಪಿಎನ್ ಇಲ್ಲಿ ಬರೀ ವರದಿಗಾರ ಅಲ್ಲ. ಆ ಬೌಲ್ ಪಂದ್ಯಗಳ ಪ್ರಸಾರದ ಹಕ್ಕು 2011ರ ಜನವರಿಯಿಂದ ಅದರದ್ದೇ. ಈ ಗಲಾಟೆಗೆ ಸ್ವಲ್ಪ ಮೊದಲು, ಅದೇ ನವೆಂಬರ್‌ನಲ್ಲಿ, ಬಿಸಿಎಸ್ ಮುಗಿದಮೇಲೆ ಬರಲಿದ್ದ ಪ್ಲೇಆಫ್‌ನ ಹಕ್ಕನ್ನೂ 12 ವರ್ಷಕ್ಕೆ ಕೊಂಡಿತ್ತು. ಆರೆಂಜ್ ಬೌಲ್‌ಗೆ ದೊಡ್ಡ ಹೆಸರಿನ ಎರಡು ತಂಡ ಬಂದರೆ ನೋಡುವವರು ಜಾಸ್ತಿ, ಜಾಹೀರಾತು ಜಾಸ್ತಿ. ಒಂದು ಕಡೆ ಡಿಕಾಲ್ಬ್ ಬಂದರೆ ಕಮ್ಮಿ. ಇದರರ್ಥ ಮಾಲೀಕರು ಫೋನ್ ಮಾಡಿ ಬೈಯಿರಿ ಅಂದರು ಅಂತಲ್ಲ. ಅದಕ್ಕೆ ಆಧಾರವೂ ಇಲ್ಲ, ಅದರ ಅಗತ್ಯವೂ ಇಲ್ಲ. ಇಪ್ಪತ್ತು ವರ್ಷ ದೊಡ್ಡ ಸ್ಟೇಡಿಯಂಗಳಲ್ಲೇ ಶನಿವಾರ ಕಳೆದವರಿಗೆ ‘ದೊಡ್ಡ ಪಂದ್ಯ’ ಅಂದರೆ ಕಣ್ಣಮುಂದೆ ಬರುವ ಚಿತ್ರವೇ ಒಂದು. ಅದರಲ್ಲಿ ಕೆಂಪು ಕಪ್ಪು ಬಟ್ಟೆಯ ಮ್ಯಾಕ್ ತಂಡ ಇರುವುದಿಲ್ಲ.

ವಿಚಿತ್ರ ಅಂದರೆ, ಬುಧವಾರ ರಾತ್ರಿ ಇದೇ ತಂಡವನ್ನು ತೋರಿಸಿ ಹೊತ್ತು ತುಂಬಿಸಿದ್ದೂ ಇದೇ ಚಾನೆಲ್. ಕೋಚ್‌ಗಳೂ ಹ್ಯಾರಿಸ್ ಮತದಾರರೂ ಸೇರಿ ಕೊಟ್ಟ ಸ್ಥಾನದ ಮೇಲೆ ಇವರು ಬಂದದ್ದು. ‘ಕಂಪ್ಯೂಟರ್ ಎಡವಟ್ಟು’ ಅಂತ ತಳ್ಳಿಹಾಕುವ ಹಾಗೂ ಇರಲಿಲ್ಲ.

ಆ ವಾರದ ಮಾತಿನಲ್ಲಿ ಆಟಗಾರರ ಹೆಸರು ಬಂದದ್ದು ಕಮ್ಮಿ. ‘ನಾರ್ದರ್ನ್ ಇಲಿನಾಯ್’ ಅನ್ನುವುದೇ ಒಂದು ಬೈಗುಳದ ಹಾಗೆ ಓಡಾಡಿತು. ಆ ತಂಡದಲ್ಲಿ ಜಿಮ್ಮಿ ವಾರ್ಡ್ ಅಂತ ಒಬ್ಬ ಸೇಫ್ಟಿ ಇದ್ದ. ಅಲಬಾಮಾ ರಾಜ್ಯದ ಮೊಬೀಲ್ ಊರಿನವನು. ಸೇಫ್ಟಿ ಅಂದರೆ ರಕ್ಷಣೆಯಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವ ಕಾವಲುಗಾರ. ಈ ಹೆಸರು ನೆನಪಿಟ್ಟುಕೊಳ್ಳಿ.

ಆ ರಾತ್ರಿ

2013ರ ಜನವರಿ 1, ಮಯಾಮಿ ಬಳಿಯ ಸ್ಟೇಡಿಯಂ. ನಾರ್ದರ್ನ್ ಇಲಿನಾಯ್‌ಗೆ ಕೋಚ್ ಕೂಡ ಹೊಸಬ. ಮ್ಯಾಕ್ ಫೈನಲ್ ಗೆದ್ದ ಮರುದಿನವೇ ಡೇವ್ ಡೋರನ್ ನಾರ್ತ್ ಕ್ಯಾರೊಲಿನಾ ಸ್ಟೇಟ್‌ಗೆ ಹೊರಟುಬಿಟ್ಟಿದ್ದರು. ರಾಡ್ ಕ್ಯಾರಿ ಮುಖ್ಯ ಕೋಚ್ ಆಗಿ ಒಂದು ತಿಂಗಳಾಗಿತ್ತಷ್ಟೇ. ಚಿಕ್ಕ ತಂಡ ಚೆನ್ನಾಗಿ ಆಡಿದರೆ ಮೊದಲ ಬಹುಮಾನ ಹೀಗೇ: ಕೋಚ್‌ನ್ನು ದೊಡ್ಡವರು ಎತ್ತಿಕೊಂಡು ಹೋಗುತ್ತಾರೆ.

ಪಂದ್ಯಕ್ಕೆ ಮೊದಲು ಲಿಂಚ್ ಸ್ವಲ್ಪ ಬಾಯಿ ಬಿಟ್ಟಿದ್ದ. ವೇಗವಾಗಿ ಆಡಿ ಅವರ ದೈತ್ಯರನ್ನು ಸುಸ್ತು ಮಾಡುತ್ತೇವೆ, ನಾಲ್ಕನೇ ಕ್ವಾರ್ಟರ್ ಹೊತ್ತಿಗೆ ನೋಡಿ ಅನ್ನುವ ಅರ್ಥದಲ್ಲಿ. ಫ್ಲಾರಿಡಾ ಸ್ಟೇಟ್ ಹುಡುಗರಿಗೆ ಅದು ಚುಚ್ಚಿತು. ದೊಡ್ಡ ತಂಡದ ಹುಡುಗ ಹೀಗಂದರೆ ಆತ್ಮವಿಶ್ವಾಸ. ಇವನು ಅಂದರೆ ಅಧಿಕಪ್ರಸಂಗ.

ಮೊದಲರ್ಧ 14-3. ಮೂರನೇ ಕ್ವಾರ್ಟರ್‌ನಲ್ಲಿ 17-3. ಪಂದ್ಯ ಮುಗಿಯಿತು ಅನ್ನುವ ಹೊತ್ತಿಗೆ ಲಿಂಚ್ 11 ಯಾರ್ಡ್ ದೂರದಿಂದ ಮಾರ್ಟೆಲ್ ಮೂರ್‌ಗೆ ಎಸೆದು ಟಚ್‌ಡೌನ್, ಅಂದರೆ ಚೆಂಡು ಎದುರಾಳಿಯ ಗಡಿ ದಾಟಿತು. 17-10. ಈಗ ಚೆಂಡನ್ನು ದೂರ ಒದ್ದು ಎದುರಾಳಿಗೆ ಕೊಡಬೇಕು, ಅದು ರೂಢಿ. ಕ್ಯಾರಿ ತಂಡ ಹಾಗೆ ಮಾಡಲಿಲ್ಲ. ಚೆಂಡನ್ನು ಮೆಲ್ಲಗೆ, ಹತ್ತು ಯಾರ್ಡ್ ದಾಟುವಷ್ಟೇ ಒದ್ದರು. ಹತ್ತು ಯಾರ್ಡ್ ದಾಟಿದರೆ ಚೆಂಡು ಯಾರು ಹಿಡಿದರೆ ಅವರದ್ದು. ಫ್ಲಾರಿಡಾ ಸ್ಟೇಟ್‌ನವರು ಅದಕ್ಕೆ ತಯಾರಿರಲಿಲ್ಲ. ಕಪ್ಪು ಕೆಂಪಿನ ಹುಡುಗ ಚೆಂಡಿನ ಮೇಲೆ ಬಿದ್ದ. ಒಂದು ಟಚ್‌ಡೌನ್ ಅಂತರ, ಚೆಂಡು ತಮ್ಮ ಕೈಯಲ್ಲಿ, ಎದುರಾಳಿ ಗಲಿಬಿಲಿ. ಲಿಂಚ್ ತಂಡವನ್ನು ಎದುರಾಳಿಯ ಗಡಿಯ ಹತ್ತಿರದವರೆಗೂ ತಂದ. ಅಲ್ಲಿ ಒಂದು ಎಸೆತ ತಪ್ಪಿತು. ಫ್ಲಾರಿಡಾ ಸ್ಟೇಟ್ ಆಟಗಾರ ಹಿಡಿದುಬಿಟ್ಟ.

ಅಲ್ಲಿಗೆ ಗಾಳಿ ತಿರುಗಿತು. ನಾಲ್ಕನೇ ಕ್ವಾರ್ಟರ್‌ನಲ್ಲಿ ಫ್ಲಾರಿಡಾ ಸ್ಟೇಟ್ ಎರಡು ಟಚ್‌ಡೌನ್ ಹೊಡೆದು 31-10ಕ್ಕೆ ಮುಗಿಸಿತು. ಸುಸ್ತಾದವರು ಡಿಕಾಲ್ಬ್‌ನವರು. ಲಿಂಚ್ 41 ಎಸೆತಗಳಲ್ಲಿ 15 ಮಾತ್ರ ಸರಿಯಾಗಿ ತಲುಪಿಸಿದ, 176 ಯಾರ್ಡ್. ಓಟದಲ್ಲಿ 44 ಯಾರ್ಡ್ ಅಷ್ಟೇ. ಇಡೀ ವರ್ಷ ಯಾರೂ ಅವನನ್ನು ಹಾಗೆ ಕಟ್ಟಿಹಾಕಿರಲಿಲ್ಲ. ಕಟ್ಟಿಹಾಕಿದವರೇನು ಸಾಮಾನ್ಯರಾ? ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ನಾಲ್ಕು ತಿಂಗಳ ನಂತರದ ಡ್ರಾಫ್ಟ್‌ನಲ್ಲಿ ಫ್ಲಾರಿಡಾ ಸ್ಟೇಟ್‌ನ 11 ಆಟಗಾರರು ಆಯ್ಕೆಯಾದರು, ಮೂವರು ಮೊದಲ ಸುತ್ತಿನಲ್ಲೇ. ಅಂಥವರ ಎದುರು ಮೂರನೇ ಕ್ವಾರ್ಟರ್‌ನಲ್ಲಿ 17-10ರವರೆಗೆ ಬಂದಿದ್ದರು ಅನ್ನುವುದು ಮರುದಿನದ ಮಾತಿನಲ್ಲಿ ಉಳಿಯಲಿಲ್ಲ. ಬಿದ್ದವರ ಮೇಲೆ ಆಳಿಗೊಂದು ಕಲ್ಲು. ನಾವು ಹೇಳಿರಲಿಲ್ಲವಾ ಅನ್ನುವ ಕೋರಸ್ ಶುರುವಾಯಿತು.

ಅದೇ ವಾರ, ಬೇರೆ ಪಂದ್ಯಗಳು

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಮುಂದಿನ ಆರು ದಿನ.

ಜನವರಿ 2, ಶುಗರ್ ಬೌಲ್. ಫ್ಲಾರಿಡಾ (ಫ್ಲಾರಿಡಾ ಸ್ಟೇಟ್ ಅಲ್ಲ, ಬೇರೆ ಕಾಲೇಜು), ಅಂದರೆ ಎಸ್‌ಇಸಿ ಎಂಬ ದೊಡ್ಡ ಕಾನ್ಫರೆನ್ಸ್‌ನ ಬಲಿಷ್ಠ ತಂಡ, 21ನೇ ಸ್ಥಾನದ ಲೂಯಿವಿಲ್ ಎದುರು 33-23ಕ್ಕೆ ಸೋತಿತು. ಹತ್ತು ಅಂಕ ಅಂದುಕೊಳ್ಳಬೇಡಿ, ಆಟ ನೋಡಿದವರಿಗೆ ಅದು ಅಷ್ಟೂ ಹತ್ತಿರದ್ದಲ್ಲ. ಜನವರಿ 7, ರಾಷ್ಟ್ರೀಯ ಚಾಂಪಿಯನ್‌ಶಿಪ್. ಸೋಲೇ ಇಲ್ಲದೆ ಬಂದ, ಒಂದನೇ ಸ್ಥಾನದ ನಾಟ್ರ ಡೇಮ್ ತಂಡ ಅಲಬಾಮಾ ಎದುರು 42-14ಕ್ಕೆ ಸೋತಿತು. 28 ಅಂಕದ ಅಂತರ. ನಾಟ್ರ ಡೇಮ್ ಅಷ್ಟು ದೊಡ್ಡ ವೇದಿಕೆಗೆ ಲಾಯಕ್ಕಾ ಅಂತ ಒಂದಷ್ಟು ಮಂದಿ ಕೇಳಿದರು, ನಿಜ. ಆದರೆ ನಾಟ್ರ ಡೇಮ್‌ನಂಥವರನ್ನು ಇನ್ನು ಮೇಲೆ ಕರೆಯಲೇಬಾರದು, ನಿಯಮವನ್ನೇ ಬದಲಿಸಬೇಕು ಅಂತ ಯಾರೂ ಗಂಭೀರವಾಗಿ ಹೇಳಲಿಲ್ಲ.

ಇನ್ನು ಓಕ್ಲಹೋಮಾ. ಯಾರಿಗೆ ಅನ್ಯಾಯವಾಯಿತು ಅಂತ ಡಿಸೆಂಬರ್‌ನಲ್ಲಿ ಅತ್ತರೋ ಆ ತಂಡ. ಅದು ಜನವರಿ 4ರಂದು ಕಾಟನ್ ಬೌಲ್‌ನಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ಎದುರು ಆಡಿತು. 41-13ಕ್ಕೆ ಸೋತಿತು. ನಾರ್ದರ್ನ್ ಇಲಿನಾಯ್ 21 ಅಂಕದಿಂದ ಸೋತದ್ದು ಅದರ ಯೋಗ್ಯತೆಗೆ ಸಾಕ್ಷಿಯಾದರೆ, ಓಕ್ಲಹೋಮಾ 28 ಅಂಕದಿಂದ ಸೋತದ್ದು ಯಾವುದಕ್ಕೆ ಸಾಕ್ಷಿ? ಅಲ್ಲಿ ವಿವರಣೆ ತಯಾರಾಗಿಯೇ ಇತ್ತು: ಎದುರಿಗಿದ್ದವನು ಜಾನಿ ಮ್ಯಾಂಝೆಲ್, ಅವನು ಅಸಾಮಾನ್ಯ. ಅದೂ ನಿಜವೇ. ದೊಡ್ಡವರು ಸೋತರೆ ಎದುರಾಳಿ ಚೆನ್ನಾಗಿ ಆಡಿದ. ಚಿಕ್ಕವರು ಸೋತರೆ ಇವರಿಗೆ ಆಡಲು ಬರುವುದಿಲ್ಲ.

ಆ ಋತುವಿನ ಕೊನೆಗೆ ಸುದ್ದಿಸಂಸ್ಥೆ ಎಪಿಯ ರ‍್ಯಾಂಕಿಂಗ್ ಪಟ್ಟಿಯಲ್ಲಿ ನಾರ್ದರ್ನ್ ಇಲಿನಾಯ್ 22ನೇ ಸ್ಥಾನಕ್ಕೆ ಇಳಿಯಿತು.

ಹೈಸ್‌ಮನ್ ಲೆಕ್ಕ

ತಂಡದ ವಿಷಯ ಹಾಗಾಯಿತು. ಒಬ್ಬ ಆಟಗಾರನಿಗೆ ಇದು ಹೇಗೆ ತಟ್ಟುತ್ತದೆ ಅಂತ ನೋಡಲು ಹೈಸ್‌ಮನ್ ಪ್ರಶಸ್ತಿಯೇ ಸರಿ. ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ವೈಯಕ್ತಿಕ ಗೌರವ. ಇದಕ್ಕೆ ಮತ ಹಾಕುವವರಲ್ಲಿ 870 ಮಂದಿ ಮಾಧ್ಯಮದವರು. ದೇಶವನ್ನು ಆರು ಭಾಗ ಮಾಡಿ, ಭಾಗಕ್ಕೆ 145 ಮಂದಿ. ಜೊತೆಗೆ ಹಳೆಯ ವಿಜೇತರಿಗೆ ತಲಾ ಒಂದು ಮತ, ಅಭಿಮಾನಿಗಳೆಲ್ಲರಿಗೂ ಸೇರಿ ಒಂದೇ ಮತ. ಅಂದರೆ ಇದು ಹೆಚ್ಚುಕಮ್ಮಿ ಪತ್ರಕರ್ತರ ಪ್ರಶಸ್ತಿ.

2012ರಲ್ಲಿ ಮ್ಯಾಂಝೆಲ್ ಗೆದ್ದ. ಅದರಲ್ಲಿ ತಕರಾರಿಲ್ಲ. ಲಿಂಚ್ ಏಳನೆಯವನು. 2013ರಲ್ಲಿ ಲಿಂಚ್ ಇನ್ನೂ ಚೆನ್ನಾಗಿ ಆಡಿದ. ಹಿಂದಿನ ವರ್ಷ ತಮ್ಮನ್ನು ಸೋಲಿಸಿದ್ದ ಅಯೋವಾವನ್ನು ಅವರ ಊರಿನಲ್ಲೇ 30-27ರಿಂದ, ಪರ್ಡ್ಯೂವನ್ನು 55-24ರಿಂದ ಸೋಲಿಸಿದರು. ಎರಡೂ ಬಿಗ್ ಟೆನ್ ತಂಡಗಳು. ಅಕ್ಟೋಬರ್‌ನಲ್ಲಿ ಸೆಂಟ್ರಲ್ ಮಿಷಿಗನ್ ಎದುರು ಅವನೊಬ್ಬನೇ 316 ಯಾರ್ಡ್ ಓಡಿದ, ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ದಾಖಲೆ. ನವೆಂಬರ್ 26ರಂದು ವೆಸ್ಟರ್ನ್ ಮಿಷಿಗನ್ ಎದುರು 321 ಯಾರ್ಡ್ ಓಡಿ ತನ್ನ ದಾಖಲೆಯನ್ನೇ ಮುರಿದ. ಅವತ್ತು ಮಂಗಳವಾರ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಎರಡು ದಿನ ಮೊದಲು, ಜನ ಊರಿಗೆ ಹೊರಡುವ ಗಡಿಬಿಡಿಯಲ್ಲಿರುವ ರಾತ್ರಿ. ಎಷ್ಟು ಮಂದಿ ನೋಡಿರಬಹುದು?

ಋತುವಿನ ಕೊನೆಗೆ 12-0. ಆಮೇಲೆ ಮ್ಯಾಕ್ ಫೈನಲ್‌ನಲ್ಲಿ ಬೌಲಿಂಗ್ ಗ್ರೀನ್ ಎದುರು 47-27ರಿಂದ ಎಡವಿದರು. ದೊಡ್ಡ ಬೌಲ್ ಕೈತಪ್ಪಿತು. ಆದರೂ ಹೈಸ್‌ಮನ್‌ನಲ್ಲಿ ಲಿಂಚ್ ಮೂರನೆಯವನಾದ, 558 ಅಂಕ. ನ್ಯೂಯಾರ್ಕ್‌ಗೆ ಆಹ್ವಾನವೂ ಬಂತು. ಎರಡನೆಯವನು ಅಲಬಾಮಾದ ಎ.ಜೆ. ಮೆಕ್ಯಾರನ್, 704 ಅಂಕ. ಗೆದ್ದವನು ಫ್ಲಾರಿಡಾ ಸ್ಟೇಟ್‌ನ ಜೇಮಿಸ್ ವಿನ್‌ಸ್ಟನ್, 2,205 ಅಂಕ.

ಇಲ್ಲಿ ಮಾಧ್ಯಮಕ್ಕೆ ಸಲ್ಲಬೇಕಾದ್ದು ಸಲ್ಲಲಿ. ಮ್ಯಾಕ್ ಹುಡುಗನಿಗೆ ಮೂರನೇ ಸ್ಥಾನ ಸಣ್ಣದಲ್ಲ. ಆದರೆ ಮೆಕ್ಯಾರನ್ ಎರಡನೆಯವನಾದದ್ದು ಹೇಗೆ ಅನ್ನುವ ಪ್ರಶ್ನೆ ಉಳಿಯುತ್ತದೆ. ಒಳ್ಳೆಯ ಆಟಗಾರ, ಒಳ್ಳೆಯ ತಂಡದ ನಾಯಕ. ಲಿಂಚ್‌ನ ಹಾಗೆ ಒಂದೇ ಋತುವಿನಲ್ಲಿ 2,892 ಯಾರ್ಡ್ ಎಸೆದು 1,920 ಯಾರ್ಡ್ ಓಡಿ 47 ಟಚ್‌ಡೌನ್‌ಗೆ ಕಾರಣನಾದವನಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದು ಮತಪತ್ರದಲ್ಲೂ ಕಾಣುತ್ತದೆ. ಮತ್ತೆ, ಈ 2013ರ ಮೂರನೇ ಸ್ಥಾನ ಬಂದದ್ದರಲ್ಲಿ ಆ ಬೈಸಿಕೊಂಡ ಆರೆಂಜ್ ಬೌಲ್‌ನ ಪಾಲೂ ಇದೆ ಅನ್ನುವುದು ನನ್ನ ಅನುಮಾನ. ಬೈಯುವುದಕ್ಕಾದರೂ ಹೆಸರು ಹೇಳಿದರಲ್ಲ.

ದುಡ್ಡು ಹಾಕುವವರು ಎಲ್ಲಿ ನೋಡಿದರು

ಲಿಂಚ್‌ನ್ನು 2014ರ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಲಿಲ್ಲ. ಶಿಕಾಗೋ ಬೇರ್ಸ್ ಆಮೇಲೆ ಕರೆದುಕೊಂಡಿತು, ಅದೂ ಕ್ವಾರ್ಟರ್‌ಬ್ಯಾಕ್ ಆಗಿ ಅಲ್ಲ, ಓಡುವವನಾಗಿ. ಇದನ್ನೂ ಪಕ್ಷಪಾತ ಅಂತ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಬೇಕಾದ ಎತ್ತರ, ದೂರಕ್ಕೆ ನಿಖರವಾಗಿ ಎಸೆಯುವ ತೋಳು ಅವನಿಗೆ ಕಮ್ಮಿ ಇತ್ತು. ಕೆನಡಾಕ್ಕೆ ಹೋಗಿ ಎಡ್ಮಂಟನ್ ತಂಡದೊಂದಿಗೆ ಅಲ್ಲಿನ ಲೀಗ್ ಪ್ರಶಸ್ತಿಯಾದ ಗ್ರೇ ಕಪ್ ಅನ್ನು 2015ರಲ್ಲಿ ಗೆದ್ದ. ಆಮೇಲೆ ತಾನು ಓದಿದ ಮೌಂಟ್ ಕಾರ್ಮೆಲ್ ಹೈಸ್ಕೂಲಿನಲ್ಲೇ ಕೋಚ್ ಆದ, ರಾಜ್ಯ ಪ್ರಶಸ್ತಿಗಳನ್ನೂ ಗೆಲ್ಲಿಸಿದ.

ಎನ್‌ಎಫ್‌ಎಲ್‌ನ ಹುಡುಕಾಟದವರು ಕಾಲೇಜಿನ ಹೆಸರು ನೋಡಿ ಮೂಗು ಮುರಿಯುವವರಲ್ಲ ಅನ್ನುವುದಕ್ಕೆ ಅದೇ ಕಾಲದ ಸಾಕ್ಷಿ ಇದೆ. ‘ತಮಾಷೆ’ ಅಂದದ್ದು 2012ರ ಡಿಸೆಂಬರ್. 2013ರ ಏಪ್ರಿಲ್‌ನಲ್ಲಿ ಇಡೀ ಡ್ರಾಫ್ಟ್‌ನ ಮೊದಲ ಆಯ್ಕೆ ಎರಿಕ್ ಫಿಷರ್, ಮ್ಯಾಕ್‌ನ ಸೆಂಟ್ರಲ್ ಮಿಷಿಗನ್ ಹುಡುಗ. 2014ರಲ್ಲಿ ಐದನೇ ಆಯ್ಕೆ ಖಲೀಲ್ ಮ್ಯಾಕ್, ಮ್ಯಾಕ್ ಕಾನ್ಫರೆನ್ಸ್‌ನದೇ ಬಫಲೋ ಕಾಲೇಜಿನವನು. ಅದೇ ವರ್ಷ ಮೊದಲ ಸುತ್ತಿನ 30ನೇ ಆಯ್ಕೆಯಾಗಿ ಸ್ಯಾನ್ ಫ್ರಾನ್ಸಿಸ್ಕೊ ತೆಗೆದುಕೊಂಡದ್ದು ಜಿಮ್ಮಿ ವಾರ್ಡ್‌ನ್ನು. ಮೊದಲೇ ಹೇಳಿದ್ದೆನಲ್ಲ, ಆರೆಂಜ್ ಬೌಲ್‌ಗೆ ಲಾಯಕ್ಕಿಲ್ಲದ ತಂಡದ ಆ ಸೇಫ್ಟಿ. ಹತ್ತು ವರ್ಷಕ್ಕೂ ಜಾಸ್ತಿ ಎನ್‌ಎಫ್‌ಎಲ್ ಕಂಡ.

ತಪ್ಪಿದರೆ ಕೈಯಿಂದ ಕೋಟಿಗಟ್ಟಲೆ ಹೋಗುವವನು ಮಂಗಳವಾರದ ಪಂದ್ಯವನ್ನೂ ಕೂತು ನೋಡುತ್ತಾನೆ, ಡಿಕಾಲ್ಬ್‌ಗೂ ಹೋಗುತ್ತಾನೆ. ಮೈಕ್ ಹಿಡಿದವನಿಗೆ ತಪ್ಪಿದರೆ ಏನೂ ಹೋಗುವುದಿಲ್ಲ. ಮುಂದಿನ ಶನಿವಾರ ಇನ್ನೊಂದು ವಿಷಯ ಸಿಗುತ್ತದೆ. ಈ ಪ್ರಕರಣದಲ್ಲಿ ಪಕ್ಷಪಾತಕ್ಕೆ ದ್ವೇಷಕ್ಕಿಂತ ದೊಡ್ಡ ಕಾರಣ ಇದೇ ಅಂತ ನನ್ನ ಲೆಕ್ಕ. ನೋಡದೇ ಇದ್ದರೂ ನಡೆಯುತ್ತಿತ್ತು, ಹಾಗಾಗಿ ನೋಡಲಿಲ್ಲ.

ಆಮೇಲೆ

2014ರಿಂದ ಬಿಸಿಎಸ್ ಹೋಗಿ ಪ್ಲೇಆಫ್ ಬಂತು. ಆ ಮತಗಳು, ಕಂಪ್ಯೂಟರ್ ಪಟ್ಟಿಗಳ ಬದಲು ಒಂದು ಸಮಿತಿ. ಚಿಕ್ಕ ಕಾನ್ಫರೆನ್ಸ್‌ಗಳ ಚಾಂಪಿಯನ್‌ಗಳಲ್ಲಿ ಒಬ್ಬರಿಗೆ ದೊಡ್ಡ ಬೌಲ್‌ನಲ್ಲಿ ಜಾಗ ಉಳಿಯಿತು. ಆದರೆ ನಾಲ್ಕೇ ತಂಡಗಳ ಪ್ಲೇಆಫ್ ನಡೆದ ಹತ್ತು ವರ್ಷದಲ್ಲಿ ಅಂಥ ಗುಂಪಿನಿಂದ ಒಳಗೆ ಹೋದದ್ದು ಸಿನ್ಸಿನಾಟಿ ಮಾತ್ರ, 2021ರಲ್ಲಿ.

2024ರ ಸೆಪ್ಟೆಂಬರ್ 7ರಂದು ನಾರ್ದರ್ನ್ ಇಲಿನಾಯ್ ಐದನೇ ಸ್ಥಾನದ ನಾಟ್ರ ಡೇಮ್‌ನ್ನು ಅದರ ಊರಾದ ಸೌತ್ ಬೆಂಡ್‌ನಲ್ಲೇ 16-14ರಿಂದ ಸೋಲಿಸಿತು. ಕೊನೆಯ ನಿಮಿಷದಲ್ಲಿ 35 ಯಾರ್ಡ್ ದೂರದ ಒದೆತ. ಮ್ಯಾಕ್ ತಂಡವೊಂದು ಮೊದಲ ಐದರೊಳಗಿನ ತಂಡವನ್ನು ಸೋಲಿಸಿದ್ದು ಅದೇ ಮೊದಲು. ಕೋಚ್ ಥಾಮಸ್ ಹ್ಯಾಮಕ್ ಇದೇ ಕಾಲೇಜಿನ ಹಳೆಯ ಆಟಗಾರ, ಮೈದಾನದಲ್ಲೇ ಅತ್ತುಬಿಟ್ಟರು. ಅದು ಶನಿವಾರವಾಗಿತ್ತು, ಹಾಗಾಗಿ ಎಲ್ಲರೂ ನೋಡಿದರು. ವಾರವಿಡೀ ನಡೆದ ಚರ್ಚೆ ಮಾತ್ರ ಹೆಚ್ಚಾಗಿ ನಾಟ್ರ ಡೇಮ್‌ಗೆ ಏನಾಯಿತು ಅನ್ನುವುದರ ಬಗ್ಗೆ. ಮುಂದಿನ ಪಂದ್ಯದಲ್ಲಿ ನಾರ್ದರ್ನ್ ಇಲಿನಾಯ್ ಬಫಲೋ ಎದುರು ಓವರ್‌ಟೈಮ್‌ನಲ್ಲಿ 23-20ಕ್ಕೆ ಸೋತಿತು. ನಾಟ್ರ ಡೇಮ್ ಆ ಒಂದು ಸೋಲು ಬಿಟ್ಟು ಎಲ್ಲ ಗೆಲ್ಲುತ್ತಾ ರಾಷ್ಟ್ರೀಯ ಫೈನಲ್‌ವರೆಗೂ ಹೋಯಿತು. 2025ರ ಜನವರಿಯಲ್ಲಿ ನಾರ್ದರ್ನ್ ಇಲಿನಾಯ್ ಮ್ಯಾಕ್ ಬಿಡುವುದಾಗಿ ಹೇಳಿತು. 2026ರಿಂದ ಫುಟ್‌ಬಾಲ್‌ಗೆ ಮಾತ್ರ ಮೌಂಟನ್ ವೆಸ್ಟ್ ಕಾನ್ಫರೆನ್ಸ್.